ಹೊಸ ಮೋಟರಿಗೆ ಹಾಕಿದ ಹಾರ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಗೇಮ್ ಇನ್ನೂ ನಿಧಾನವಾಯಿತೆಂದು ಮೊಮ್ಮಗಳು ಇವತ್ತು ಕಂಪ್ಯೂಟರ್ ಬಿಚ್ಚಿದರೆ, ಪೂಜೆಗೆ ಇಟ್ಟಿದ್ದ ಚೆಂಡುಹೂ ಫ್ಯಾನಿಗೆ ಸಿಕ್ಕಿಕೊಂಡು ಕಮರಿತ್ತು. ಆ ಬಿಸಿ ವಾಸನೆ ನನ್ನನ್ನು ಚಿಕ್ಕಂದಿನ ನಮ್ಮೂರು ಹ್ಯಾಂಡ್‌ಪೋಸ್ಟಿನ ಟೆಂಟ್ ಸಿನಿಮಾಗೆ ಎಳೆದೊಯ್ದಿತು.

ಅಂದು ಪ್ರೊಜೆಕ್ಟರಿಗೆ ಹೊಸ ಮೋಟರು ಬಂದಿತ್ತು. ಟೆಂಟಿನ ಮಾಲೀಕ ಅದಕ್ಕೆ ಉದ್ದನೆಯ ಹಾರ ಹಾಕಿ ಮಂಗಳಾರತಿ ಎತ್ತುವಾಗ, ಗಂಡನಿಲ್ಲದ ನನ್ನ ಸೋದರತ್ತೆ ಕೈಮುಗಿಯಲು ಹೋದರು.

"ನೀನು ದೂರ ನಿಂತ್ಕೊಳಮ್ಮ. ಹೊಸಾ ಮೋಟ್ರು, ನಿನ್ನ ಕಣ್ಣು ಬೀಳಾದು ಬ್ಯಾಡ," ಎಂದ, ಎಲ್ಲರೆದುರಿಗೆ.

ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಫರ್ಗಿವ್‌ನೆಸ್ ನನಗೆ ಅಲ್ಲಿಗೇ ಮುಗಿಯಿತು.

ಆಟ ಶುರುವಾಯಿತು. ಪರದೆಯ ಮೇಲೆ ಕುದುರೆ ಕೆಸರುಗದ್ದೆಯಲ್ಲಿ ಕಾಲೆತ್ತುವಂತೆ ಓಡಿತು, ಹೀರೋಯಿನ್ ಎಮ್ಮೆಯ ದನಿಯಲ್ಲಿ ಹಾಡಿದಳು. ಪ್ರೊಜೆಕ್ಟರಿನ ಮುಂದೆಯೇ, ಕೊನೆಯ ಸಾಲಿನಲ್ಲಿ ಅತ್ತೆಯ ಜೊತೆ ಕೂತಿದ್ದ ನಾನು ತಿರುಗಿ ನೋಡಿದರೆ, ಹಾರ ಜಾರಿ ಮೋಟರಿನ ಬೆಲ್ಟಿಗೆ ಸುತ್ತಿಕೊಂಡಿತ್ತು.

"ಅತ್ತೆ, ಹಾರ..."

ಅವರು ನನ್ನ ಮಣಿಕಟ್ಟು ಹಿಡಿದರು. "ಸುಮ್ಕಿರವ್ವ. ಒಸಿ ಓಡ್ಲಿ."

"ಏನ್ಲಾ, ಮೋಟ್ರಿಗೆ ಉಲ್ಲು ಆಕಿಲ್ವಾ?" ಎಂದು ಜನ ಶಿಳ್ಳೆ ಹೊಡೆದರು. ಮಾಲೀಕ ಸ್ವಿಚ್ ಬಿಚ್ಚಿದ, ವೈರ್ ಎಳೆದಾಡಿದ. ಪೂಜೆಯ ಹಾರವನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಬೆವೆತುಕೊಂಡು ಅತ್ತೆಯ ಹತ್ತಿರವೇ ಬಂದ.

"ಅಕ್ಕಾ, ಏನೋ ಸುಟ್ಟ ವಾಸ್ನೆ. ನಿಮಗೇನಾರ ಕಾಣಿಸ್ತಾ?"

ಅತ್ತೆ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡರು. "ನಾನು ಆ ಕಡೀಕೆ ನೋಡೇ ಇಲ್ಲ ಕಣಣ್ಣ. ನೀವೇ ಬ್ಯಾಡ ಅಂದಿದ್ರಲ್ಲ."

ಟೆಂಟೆಲ್ಲ ನಕ್ಕಿತು. ಹೊಸ ಮೋಟರಿನಿಂದ ಹೊಗೆ ಎದ್ದಿತು. ಅತ್ತೆ ಸೆರಗಿನಡಿಯಿಂದಲೇ ಒಂದು ಕಡಲೆಕಾಯಿ ಸುಲಿದು ನನ್ನ ಕೈಗಿಟ್ಟರು.