ಗುಡ್ಡದ ಆಚೆ ಈಚೆ

ಗುಡ್ಡದ ಈಚೆ ಒಂದು ಊರು, ಆಚೆ ಒಂದು ಊರು. ಎರಡರ ಜನಸಂಖ್ಯೆ ಕೂಡಿಸಿದರೂ ಮುನ್ನೂರು ದಾಟುವುದಿಲ್ಲ. ಹತ್ತು ಮಕ್ಕಳಿಲ್ಲದ ಶಾಲೆಗೆ ಬೀಗ ಹಾಕಬೇಕೆಂಬ ಆದೇಶ ಹಿಡಿದು ಬಂದಿದ್ದ ಅಧಿಕಾರಿಗೆ ಯಾವ ಹಾಜರಿ ಪುಸ್ತಕದ ಮೇಲೂ ನಂಬಿಕೆ ಇರಲಿಲ್ಲ.

ಈಚೆಯ ಶಾಲೆಯಲ್ಲಿ ತಲೆ ಎಣಿಸಿದ. ಹನ್ನೊಂದು. ಆದರೂ ಅನುಮಾನ ಹೋಗದೆ ಒಬ್ಬೊಬ್ಬರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಂಡ.

“ಆಚೆ ಊರಿಗೆ ಗುಡ್ಡದ ಮ್ಯಾಲೆ ದಾರಿ ಇಲ್ಲೇನ್ರಿ, ಮಾಸ್ತರ?”

“ಕುರಿ ಅಷ್ಟ ಹತ್ತತಾವ್ರಿ, ಸಾಹೇಬ್ರ. ಜೀಪಿಗೆ ಸುತ್ತುದಾರೀನ ಗತಿ. ಹದಿನಾಲ್ಕು ಕಿಲೋಮೀಟರ್.”

ಕಲ್ಲುದಾರಿಯಲ್ಲಿ ಸುತ್ತಿ ಬರುವಷ್ಟರಲ್ಲಿ ಒಂದು ತಾಸಾಯಿತು. ಆಚೆಯ ಶಾಲೆಯಲ್ಲೂ ಹನ್ನೊಂದು ಮಕ್ಕಳಿದ್ದರು. ಅದೇ ನೀಲಿ ಸಮವಸ್ತ್ರ, ಬೆವರಿದ ಮುಖಗಳು.

“ಯಾಕ್ರಿ ಅಕ್ಕೋರ, ಹುಡುಗ್ರು ಏದುಸಿರು ಬಿಡಾಕತ್ತಾರ?”

“ಕಬಡ್ಡಿ ಆಡಸಾಕತ್ತಿದ್ನಿರಿ, ಸಾಹೇಬ್ರ. ಬೇಕಂದ್ರ ಮತ್ತೊಮ್ಮೆ ಎಣಸ್ರಿ.”

“ಎಣಸಾಕ ಸಂತ್ಯಾಗಿನ ಎಮ್ಮೀನೂ ನೆಟ್ಟಗ ನಿಂದರ್ತಾವ. ನನಗ ಹೆಬ್ಬೆಟ್ಟು ಬೇಕು.”

“ತಗೋರಿ, ಅದಕ್ಕೇನ!” ಎಂದು ಶಿಕ್ಷಕಿ ನಕ್ಕಳು.

ಅವನು ಶಾಯಿ ಪ್ಯಾಡಿನ ಮುಚ್ಚಳ ತೆಗೆಯುವ ಮೊದಲೇ ಮಕ್ಕಳು ಪಾಳಿ ಹಚ್ಚಿ ನಿಂತು ಎಡಗೈ ಚಾಚಿದರು. ಹನ್ನೊಂದು ಹೆಬ್ಬೆರಳುಗಳೂ ಆಗಲೇ ನೇರಳೆಯಾಗಿದ್ದವು.