ಕಾವಿಗೆ ಕೂತ ಭಾನುವಾರ

ಬೈಬಲಿನ ಆದಿಕಾಂಡದ ಎರಡನೆಯ ವಚನವನ್ನು ಭಾನುವಾರ ಚರ್ಚಿನಲ್ಲಿ ಹೇಗೆ ಓದುತ್ತಾರೋ, ವಾರವಿಡೀ ಊರು ಹಾಗೆಯೇ ಇರುತ್ತಿತ್ತು. ಹಳೆಯ ಅನುವಾದದಲ್ಲಿ ದೇವರಾತ್ಮವು ನೀರಿನ ಮೇಲೆ ‘ಚಲಿಸುತ್ತಿತ್ತು’, ಆಗೆಲ್ಲ ತೆಳುಗಾಳಿ. ಅನುವಾದ ಸಮಿತಿಯವರು ಅದನ್ನು ‘ಬಿರುಸಾಗಿ ಬೀಸುತ್ತಿತ್ತು’ ಎಂದು ತಿದ್ದಿದ ಮೇಲೆ ಮನೆಗಳ ಮೇಲೆ ಹೆಂಚು ನಿಲ್ಲುತ್ತಿರಲಿಲ್ಲ.

ಶನಿವಾರ ಸೂಲಗಿತ್ತಿ ಮಿಲ್ಕಮ್ಮ ಆ ವಚನದ ಮೂಲಭಾಷೆ ಹೀಬ್ರೂ ಬಲ್ಲ ಓಬದ್ಯಪ್ಪನ ಮನೆಗೆ ಬಂದಳು. ಸೆರಗಿನೊಳಗೆ ಏಳು ತಿಂಗಳಿಗೇ ಹುಟ್ಟಿದ ಮೊಮ್ಮಗಳು.

“ಕೂಸು ತಣ್ಣಗಾಗಾಕತ್ತೈತ್ರಿ. ಆ ‘ಬೀಸುತ್ತಿತ್ತು’ ಅನ್ನೋ ಮಾತಿಗೆ ಬ್ಯಾರೆ ಅರ್ಥ ಇಲ್ಲೇನ್ರಿ?”

“ಐತವ್ವ. ಹಕ್ಕಿ ಮರಿಗಳ ಮ್ಯಾಲೆ ರೆಕ್ಕಿ ಹರವತೈತಲ್ಲ, ಅದಕ್ಕೂ ಹೀಬ್ರೂದಾಗ ಅದೇ ಕ್ರಿಯಾಪದ. ಸಮಿತಿಯಾಗ ಕೋಳಿ ಸಾಕಿದವರು ಒಬ್ರೂ ಇದ್ದಿಲ್ಲ. ನಾ ಹೇಳಿದ್ರ ನಕ್ಕರು.” ಓಬದ್ಯಪ್ಪ ಕೂಸಿನ ಪಾದ ಮುಟ್ಟಿ ನೋಡಿದ. “ನಾಳೆ ಓದೋ ಪಾಳಿ ನಂದೈತಿ.”

ಒಪ್ಪಿತ ಪಾಠ ಬಿಟ್ಟು ಓದಿದವರಿಗೆ ಮತ್ತೆಂದೂ ಪಾಳಿ ಸಿಗುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅವನು ಅಚ್ಚಾದ ಸಾಲನ್ನು ಬೆರಳಿನಿಂದ ಮುಚ್ಚಿ ಓದಿದ: “ದೇವರಾತ್ಮವು ನೀರಿನ ಮೇಲೆ ಕಾವಿಗೆ ಕೂತಿತ್ತು.”

ಗಾಳಿ ನಿಂತಿತು. ಗೋಡೆಗಳು ಬೆಚ್ಚಗಾದವು. ಹಿಂದಿನ ಬೆಂಚಿನಲ್ಲಿ ಕೂಸು ಮೊದಲ ಸಲ ಗಟ್ಟಿಯಾಗಿ ಅತ್ತಿತು.

ಸಭೆಯ ಹಿರಿಯರು ಸಿಟ್ಟಿನಿಂದ ಎದ್ದು ಬಂದರು. ಆದರೆ ಕಾವಿಗೆ ಕೂತ ಹಕ್ಕಿಯ ಬಳಿ ಯಾರು ಕೂಗುತ್ತಾರೆ? ಇನ್ನೆಂದೂ ಓದಬಾರದೆಂಬ ಶಿಕ್ಷೆಯನ್ನು ಓಬದ್ಯಪ್ಪನ ಕಿವಿಯಲ್ಲಿ ಪಿಸುಗುಟ್ಟಿ, ತುದಿಗಾಲಲ್ಲಿ ಹೊರಗೆ ನಡೆದರು.