ಹರಕೆಯ ಗೆರೆ

ಗ್ರಾಫ್ ಹಾಳೆಯ ನಟ್ಟನಡುವೆ ಮೆರೋಪಿ ಬೆಳ್ಳಿಯ ತಗಡೊಂದನ್ನು ಟಕ್ಕೆಂದು ಇಟ್ಟಳು. ಬೆರಳುದ್ದದ ಹರಕೆಯ ತಗಡು. ಕಣ್ಣು ವಾಸಿಯಾದವರು ಕಣ್ಣಿನ, ಕಾಲು ವಾಸಿಯಾದವರು ಕಾಲಿನ ಅಚ್ಚು ಹೊಡೆಸಿ ಸಂತ ನಿಕೊಲಾಸನ ಪಟಕ್ಕೆ ಕಟ್ಟುತ್ತಾರಲ್ಲ, ಅಂಥದ್ದು. ಇದರ ಮೇಲೆ ಮಾತ್ರ ಇದ್ದದ್ದು ಎರಡು ಗೆರೆ. ಒಂದು ಅಂಕುಡೊಂಕಾಗಿ ಕೆಳಗಿಳಿದಿತ್ತು. ಇನ್ನೊಂದು ನುಣ್ಣಗೆ ಬಾಗಿ ಅದನ್ನು ದಾಟಿತ್ತು.

"ಏನತ್ತಿಗೆ ಇದು?" ಪಾಂದೆಲಿಸನ ಪೆನ್ಸಿಲ್ ನಿಂತಿತು.

"ನಿನ್ನ ಗೆರೆ ಕಣೋ ಪಾಂದೆಲಿ! ನನ್ನ ಮನೆ ಉಳಿಸಿದ ಗೆರೆ. ನಾಳೆ ಭಾನುವಾರ, ಪೂಜೆ ಮುಗೀತಿದ್ದ ಹಾಗೇ ಕಟ್ಬಿಡ್ತೀನಿ."

ಅದು ೧೯೯೯ರ ನವೆಂಬರ್. ಬೇಸಿಗೆಯಲ್ಲಿ ವೋಲೊಸ್ ಎಂಬ ಆ ಗ್ರೀಕ್ ಬಂದರೂರಿನ ಕ್ಷೌರಿಕ ಕೂಡ ಅರ್ಧ ಗಡ್ಡಕ್ಕೇ ಕತ್ತಿ ಕೆಳಗಿಟ್ಟು ಷೇರಿನ ಬೆಲೆ ಕೇಳಲು ಓಡುತ್ತಿದ್ದ. ಈಗ ಊರಿಗೆ ಊರೇ ಬೋಳಿಸಿಕೊಂಡು ಕೂತಿತ್ತು. ಉಳಿದವಳು ಮೆರೋಪಿ ಒಬ್ಬಳೇ. ತೀರಿಹೋದ ಗಂಡ ಹಡಗಿನಲ್ಲಿ ದುಡಿದದ್ದನ್ನೆಲ್ಲ ಅವಳು ಮೀನು ಸಾಕುವ ಕಂಪನಿಯೊಂದರ ಷೇರಿನಲ್ಲಿ ಹಾಕಿದ್ದಳು. ಸೆಪ್ಟೆಂಬರಿನಲ್ಲಿ ಷೇರುಪೇಟೆ ಕುಸಿಯುವ ನಾಲ್ಕು ದಿನ ಮೊದಲು ಮೈದುನ ಪಾಂದೆಲಿಸ್ ಅಷ್ಟನ್ನೂ ಮಾರಿಸಿಬಿಟ್ಟಿದ್ದ.

ಪಾಂದೆಲಿಸ್ ನಿವೃತ್ತ ಭೂಮಾಪಕ. ದಿನಾ ಸಂಜೆ ಕಳೆದ ಇಪ್ಪತ್ತು ದಿನಗಳ ಬೆಲೆ ಕೂಡಿಸಿ, ಇಪ್ಪತ್ತರಿಂದ ಭಾಗಿಸಿ, ಹಾಳೆಯ ಮೇಲೊಂದು ಚುಕ್ಕಿ ಇಡುತ್ತಿದ್ದ. ಮರುದಿನ ಹೊಸ ಬೆಲೆ ಒಳಗೆ, ಎಲ್ಲಕ್ಕಿಂತ ಹಳೆಯದು ಹೊರಗೆ, ಮತ್ತೊಂದು ಚುಕ್ಕಿ. ಚುಕ್ಕಿ ಸೇರಿಸಿದರೆ ಗೆರೆ. ಬೆಲೆ ಗೆರೆಯ ಮೇಲಿದ್ದರೆ ಇಟ್ಟುಕೋ, ಕೆಳಗಿಳಿದರೆ ಮಾರು. ಸರಾಸರಿಗೆ ಸರಸರ ನಡೆಯಲು ಬಾರದು. ಬೆಲೆ ಓಡಿದ ಮೇಲೆ ಏದುಸಿರು ಬಿಡುತ್ತಾ ಹಿಂದಿನಿಂದ ಬರುತ್ತದೆ. ಆದರೆ ಬಂದೇ ಬರುತ್ತದೆ ಎಂಬುದು ಅವನ ನಂಬಿಕೆ.

"ಆ ದಲ್ಲಾಳಿ ನೆನಪಿದಾನಾ?" ಮೆರೋಪಿ ಕುರ್ಚಿ ಎಳೆದು ಕೂತು ಮೂಗು ಹಿಡಿದಳು. "'ಮಾರ್ಬೇಡಿ ಅಮ್ಮಾವ್ರೇ, ಇನ್ನೂ ಏರೋದಿದೆ ಅಮ್ಮಾವ್ರೇ!' ಈಗ ಫೋನ್ ಮಾಡಿದ್ರೆ ಅವನ ಹೆಂಡ್ತಿ ಎತ್ತಿ 'ಅವ್ರು ಮನೇಲಿಲ್ಲಾ ರೀ' ಅಂತಾಳೆ. ಪಕ್ಕದಲ್ಲೇ ಅವನು ಕೆಮ್ತಿರ್ತಾನೆ!" ಕೆಮ್ಮಿಯೂ ತೋರಿಸಿದಳು. ಆಮೇಲೆ ಚೀಲದಿಂದ ಸಹಿ ಮಾಡಿದ ಅರ್ಜಿಯೊಂದನ್ನು ತೆಗೆದಳು. "ಸೋಮವಾರ ಇದನ್ನ ಕೊಟ್ಬಿಡು. ಅಷ್ಟೂ ದುಡ್ಡಿಗೆ ಅದೇ ಷೇರು. ಒಂದಲ್ಲ, ಎರಡು ಮಹಡಿ ಎಬ್ಬಿಸ್ತೀನಿ. ನೋಡು, ಬೆಲೆ ಮತ್ತೆ ಗೆರೆ ಮೇಲೆ ಹತ್ತಿದೆ. ಕೊಳ್ಳು ಅಂತ ತಾನೇ ಅರ್ಥ? ನನಗೂ ಓದೋಕೆ ಬರುತ್ತೆ ಕಣೋ ಈಗ."

ಹತ್ತಿತ್ತು, ನಿಜ. ನಿನ್ನೆ ಶುಕ್ರವಾರವಷ್ಟೇ ಹತ್ತಿತ್ತು. ಇಲ್ಲ ಎನ್ನಲು ಚುಕ್ಕಿ ಅವಳ ಮೂಗಿನ ಕೆಳಗೇ ಇತ್ತು. ಮೆರೋಪಿಯ ತಾರಸಿಯ ಮೇಲೆ ಕಬ್ಬಿಣದ ಸರಳುಗಳು ಮಗಳು ಆಸ್ಪಾಳ ಮಹಡಿಗಾಗಿ ಏಳು ವರ್ಷದಿಂದ ಆಕಾಶ ನೋಡುತ್ತಾ ನಿಂತಿದ್ದವು. ಅವಳ ಮದುವೆ ಈಸ್ಟರ್ ಕಳೆದ ಮೇಲೆ.

"ಅತ್ತಿಗೆ, ಸ್ವಲ್ಪ ಕೂತ್ಕೊಳ್ಳಿ."

"ಕೂತೇ ಇದೀನಲ್ಲೋ!"

"ಸೆಪ್ಟೆಂಬರಲ್ಲಿ ಈ ಗೆರೆ ಮಾರು ಅನ್ನಲೇ ಇಲ್ಲ."

"ಮತ್ಯಾರು ಅಂದಿದ್ದು?"

"ನನ್ನ ದಡ್ಡತನ." ಪಾಂದೆಲಿಸ್ ಕನ್ನಡಕ ತೆಗೆದ. "ಆ ಕಂಪನಿಯವ್ರು ಒಂದೊಂದು ಷೇರನ್ನೂ ಎರಡೆರಡು ಮಾಡಿದ್ರು. ಷೇರು ಎರಡಾದ್ರೆ ಬೆಲೆ ಅರ್ಧ ಆಗುತ್ತೆ, ಒಂದು ಬ್ರೆಡ್ ಮುರಿದು ಎರಡು ತುಂಡು ಮಾಡಿದ ಹಾಗೆ. ಯಾರಿಗೂ ನಷ್ಟ ಇಲ್ಲ. ಹಳೇ ಬೆಲೆಗಳ್ನೂ ಅರ್ಧ ಮಾಡ್ಕೊಂಡು ನಾನು ಗೆರೆ ಎಳೀಬೇಕಿತ್ತು. ಆದ್ರೆ ಪ್ರಕಟಣೆ ಬಂದ ಪೇಪರ್ ಮೇಲೆ ಮೀನು ಉಜ್ಜಿ ಎಸೆದಿದ್ದೆ, ಓದ್ಲೇ ಇಲ್ಲ. ಒಂದೇ ದಿನಕ್ಕೆ ಬೆಲೆ ಅರ್ಧಕ್ಕೆ ಬಿತ್ತು ಅಂತ ಗಾಬರಿಯಾಗಿ ಓಡಿಹೋಗಿ ಎಲ್ಲ ಮಾರಿಸ್ದೆ. ರಸೀದೀಲಿ ಷೇರು ಎರಡರಷ್ಟು ಕಂಡಾಗಲೇ ಗೊತ್ತಾಗಿದ್ದು."

"ಸರಿಯಾಗಿ ಎಳೆದಿದ್ರೆ?"

"ಇಟ್ಕೋ ಅಂತಿತ್ತು. ಕೊನೆಗೆ ಮಾರು ಅನ್ನೋ ಹೊತ್ತಿಗೆ ಪೇಟೇಲಿ ಕೊಳ್ಳೋನೊಬ್ನೂ ಇರ್ಲಿಲ್ಲ. ಹೇಳ್ಬೇಕು ಅಂತಲೇ ಇದ್ದೆ. ನೀವು ಬೀದಿ ತುಂಬ ಹೊಗಳ್ತಿದ್ರಿ... ಕೇಳೋಕೆ ಚೆನ್ನಾಗಿತ್ತು."

ಬೈಗುಳಕ್ಕಾಗಿ ಅವನು ತಲೆ ತಗ್ಗಿಸಿ ಕಾದ. ಮೆರೋಪಿ ಅರ್ಜಿಯನ್ನು ಎತ್ತಿಕೊಂಡು ಎರಡಾಗಿ ಹರಿದಳು, ಮತ್ತೆ ನಾಲ್ಕಾಗಿ ಹರಿದಳು.

"ಷೇರಿಗೂ ಮಹಡಿಗೂ ಇನ್ನು ಸಂಬಂಧ ಇಲ್ಲ. ಸೋಮವಾರ ಗಾರೆಯವನನ್ನ ಕರೀತೀನಿ, ಇರೋ ದುಡ್ಡಲ್ಲಿ ಒಂದೇ ಮಹಡಿ ಸಾಕು."

"ತಗಡನ್ನ ಕರಗಿಸಿಬಿಡಿ ಅತ್ತಿಗೆ. ನಾಚಿಕೆಯಾಗುತ್ತೆ."

"ಸುಮ್ನಿರೋ! ಈ ವರ್ಷ ಷೇರಿನ ವಿಷಯಕ್ಕೆ ನನಗೆ ಬುದ್ಧಿ ಹೇಳದ ಗಂಡಸು ಈ ಊರಲ್ಲಿಲ್ಲ. 'ನಂದು ತಪ್ಪಾಯ್ತು' ಅಂದವನೊಬ್ಬನನ್ನ ತೋರಿಸು, ನೋಡೋಣ." ತಗಡನ್ನು ಸೆರಗಿನಂಥ ತನ್ನ ಕಪ್ಪು ಶಾಲಿನ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. "ನಾಳೆ ನೀನೂ ಬರ್ತಿದೀಯ. ಶರ್ಟು ಇಸ್ತ್ರಿ ಮಾಡ್ಕೊ."

ಭಾನುವಾರ ಸಂತನ ಪಟದ ಕೆಳಗೆ, ಬೆಳ್ಳಿಯ ಕಣ್ಣು, ಕೈ, ಕಾಲು, ಕೂಸುಗಳ ನಡುವೆ ಮೆರೋಪಿ ತಗಡನ್ನು ನೀಲಿ ದಾರದಿಂದ ಕಟ್ಟಿದಳು. ಮೇಣದಬತ್ತಿ ಮಾರುವ ಮುದುಕ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ.

"ಇದ್ಯಾವ ಅಂಗ ತಾಯೀ? ಕರುಳಾ?"

"ನಾಲಿಗೆ," ಎಂದಳು ಮೆರೋಪಿ. "ನನ್ನ ಮೈದುನಂದು."